ಓಣಿಯೆಲ್ಲ ಒಂದೇ ಹೋಟೆಲು

ಟೋಕಿಯೊದ ಯನಕ ಎಂಬ ಹಳೆಯ ಕೇರಿಯಲ್ಲಿ ಐದೇ ಕೋಣೆಗಳೊಂದಿಗೆ ಶುರುವಾದ ಹೋಟೆಲೊಂದಿದೆ. ಸ್ವಾಗತ ಒಂದು ಕಟ್ಟಡದಲ್ಲಿ, ನಿದ್ದೆ ಇನ್ನೊಂದರಲ್ಲಿ, ಸ್ನಾನ ಬೀದಿಯ ಬಚ್ಚಲಲ್ಲಿ, ಊಟ ನೆರೆಯವರ ಅಂಗಡಿಯಲ್ಲಿ! ನೆಲಸಮವಾಗಬೇಕಿದ್ದ ಮರದ ವಠಾರವೊಂದು ಕೇರಿಗೇ ಪಡಸಾಲೆಯಾದ ಕಥೆ ಇದು.

ಸಂಜೆ ಏಳರ ಹೊತ್ತು. ಮಾರ್ಚ್ ಮುಗಿಯುತ್ತ ಬಂದರೂ ಗಾಳಿಯಲ್ಲಿ ಚಳಿ ಉಳಿದಿದೆ. ಹೋಟೆಲಿನಿಂದ ಹೊರಟ ಅತಿಥಿ ಹೆಗಲಿಗೊಂದು ಬಟ್ಟೆಚೀಲ ಹಾಕಿಕೊಂಡು ಓಣಿಯಲ್ಲಿ ನಡೆದಿದ್ದಾರೆ. ಚೀಲದಲ್ಲಿ ಟವೆಲ್, ಸೋಪು, ಹೋಟೆಲಿನವರು ಕೊಟ್ಟ ಸ್ನಾನದ ಚೀಟಿ.

ಓಣಿ ಎಷ್ಟು ಕಿರಿದೆಂದರೆ ಎದುರಿನಿಂದ ಸೈಕಲ್ ಬಂದರೆ ಪಕ್ಕಕ್ಕೆ ಸರಿಯಬೇಕು. ಮನೆಗಳ ಮುಂದೆ ಸಾಲಾಗಿ ಹೂಕುಂಡಗಳು. ಒಂದು ಬದಿಗೆ ಬೌದ್ಧ ದೇವಾಲಯದ ಗೋಡೆ, ಅದರಾಚೆ ಹೂಬಿಟ್ಟ ಚೆರ್ರಿ ಮರ. ಸ್ವಲ್ಪ ದೂರ ಹೋದರೆ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಪರದೆ ಕಾಣುತ್ತದೆ. ಅದರ ಮೇಲೆ ಒಂದೇ ಒಂದು ಅಕ್ಷರ: 'ಯು'. ಬಿಸಿನೀರು ಎಂದು ಅರ್ಥ.

ಚಪ್ಪಲಿ ಕಳಚಿ ಮರದ ಗೂಡಿನಲ್ಲಿಟ್ಟು ಅದರ ಬಿಲ್ಲೆಯನ್ನು ಎಳೆದುಕೊಂಡರೆ ಬೀಗ ಬಿತ್ತು. ಗಲ್ಲಾದಲ್ಲಿ ಕೂತವರಿಗೆ ಚೀಟಿ ಕೊಟ್ಟು ಒಳಗೆ ಹೋದರೆ, ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ. ಗೋಡೆಯುದ್ದಕ್ಕೂ ನಲ್ಲಿಗಳು. ಒಂದೊಂದು ನಲ್ಲಿಯ ಮುಂದೆಯೂ ಗೇಣೆತ್ತರದ ಸ್ಟೂಲು, ಥೇಟ್ ನಮ್ಮ ಬಚ್ಚಲಮನೆಯ ಮಣೆಯಂತೆ. ಮಗ್ಗುಲಲ್ಲಿ ಹಳದಿ ಪ್ಲಾಸ್ಟಿಕ್ ಬೋಗುಣಿ. ಅದರ ತಳದಲ್ಲಿ 'ಕೆರೋರಿನ್' ಎಂಬ ನೋವಿನ ಔಷಧಿಯ ಜಾಹೀರಾತು. 1963ರಲ್ಲಿ ಶುರುವಾದ ಆ ಬೋಗುಣಿ ಇಂದಿಗೂ ಜಪಾನಿನ ಬೀದಿಬಚ್ಚಲುಗಳ ಗುರುತು.

ಮೊದಲು ಮಣೆಯ ಮೇಲೆ ಕೂತು ಮೈ ಉಜ್ಜಿ ತೊಳೆದುಕೊಳ್ಳಬೇಕು. ಸೋಪಿನ ನೊರೆ ಒಂದಿಷ್ಟೂ ಉಳಿಯಬಾರದು. ಆಮೇಲೆಯೇ ತೊಟ್ಟಿಗೆ ಇಳಿಯುವುದು. ನೀರು 42 ಡಿಗ್ರಿಯ ಆಸುಪಾಸು. ಮೊಣಕಾಲು ಮುಳುಗುವಾಗ ಸುಡುತ್ತದೆ, ಕುತ್ತಿಗೆ ಮುಳುಗುವಷ್ಟರಲ್ಲಿ ಹಿತವಾಗುತ್ತದೆ. ಯುಗಾದಿಯ ಬೆಳಗ್ಗೆ ಮೈಗೆ ಎಣ್ಣೆ ಹಚ್ಚಿಕೊಂಡು, ಹಂಡೆಯ ನೀರು ಹೊಯ್ದುಕೊಂಡು, ಕಣ್ಣು ಮುಚ್ಚಿ ಕೂತು ಗೊತ್ತಿರುವ ಕನ್ನಡಿಗರಿಗೆ ಈ ಸುಖವನ್ನು ಬಿಡಿಸಿ ಹೇಳಬೇಕಿಲ್ಲ.

ಪಕ್ಕದಲ್ಲಿ ಕೂತವರು ಪ್ರವಾಸಿಗಳಲ್ಲ. ಅಂಗಡಿ ಮುಚ್ಚಿ ಬಂದವರು, ಮೊಮ್ಮಗನನ್ನು ಕರೆತಂದ ಅಜ್ಜ, ಹತ್ತಿರದ ಕಲಾ ವಿಶ್ವವಿದ್ಯಾಲಯದ ಹುಡುಗರು. ಈ ಬಚ್ಚಲು ಹೋಟೆಲಿನದಲ್ಲ, ಕೇರಿಯದು. ಆದರೆ ಹೋಟೆಲು ಇದನ್ನು ತನ್ನ ಬಚ್ಚಲೆಂದೇ ಲೆಕ್ಕಕ್ಕೆ ಹಿಡಿದಿದೆ.

ಆ ಹೋಟೆಲಿನ ಹೆಸರು 'ಹನರೆ'. ದೊಡ್ಡ ಮನೆಗೆ ಅಂಟಿಕೊಳ್ಳದೆ ಸ್ವಲ್ಪ ದೂರದಲ್ಲಿ ಕಟ್ಟುವ ಬಿಡಿಕೋಣೆಗೆ ಜಪಾನಿಯಲ್ಲಿ ಹಾಗೆನ್ನುತ್ತಾರೆ. ಬೆಂಗಳೂರಿನವರ ಬಾಯಲ್ಲಿ 'ಔಟ್‌ಹೌಸ್'. ಹಾಗಾದರೆ ಇದರ ದೊಡ್ಡ ಮನೆ ಯಾವುದು? ಯನಕ ಕೇರಿಯೇ.

ಸುಡದೆ ಉಳಿದ ಕೇರಿ

ಯನಕ ಟೋಕಿಯೊದ ಈಶಾನ್ಯಕ್ಕಿದೆ. ಉಯೆನೊ ಗುಡ್ಡದ ಬೆನ್ನಿಗೆ ಒರಗಿಕೊಂಡಂತಿರುವ ಕೇರಿ. 1657ರಲ್ಲಿ, ಟೋಕಿಯೊ ಇನ್ನೂ ಎದೊ ಎನಿಸಿಕೊಂಡಿದ್ದ ಕಾಲದಲ್ಲಿ, ಮಹಾ ಬೆಂಕಿಯೊಂದು ನಗರದ ಬಹುಭಾಗವನ್ನು ನುಂಗಿತು. ಆಮೇಲೆ ಊರೊಳಗಿನ ದೇವಾಲಯಗಳನ್ನು ಒಂದೊಂದಾಗಿ ಅಂಚಿಗೆ ಸಾಗಿಸಿದರು. ಹಾಗೆ ಬಂದ ದೇವಾಲಯಗಳಿಂದ ಯನಕ ತುಂಬಿಕೊಂಡಿತು. ಈಗಲೂ ಸುಮಾರು 70 ದೇವಾಲಯಗಳು ಇಲ್ಲಿವೆ.

1923ರ ಮಹಾ ಭೂಕಂಪದ ಬೆಂಕಿ ಈ ಕೇರಿಯನ್ನು ಹೆಚ್ಚು ಮುಟ್ಟಲಿಲ್ಲ. 1945ರ ಬಾಂಬ್ ದಾಳಿಯಲ್ಲಿ ಒಂದಷ್ಟು ಭಾಗ ಹಾಳಾದರೂ ಬಹುಪಾಲು ಉಳಿಯಿತು. ಟೋಕಿಯೊದಂಥ ನಗರದಲ್ಲಿ ಎರಡು ಸಲ ಬಚಾವಾಗುವುದು ದೊಡ್ಡ ಭಾಗ್ಯ. ಓಣಿಗಳು ಹಳೆಯ ಓಣಿಗಳಾಗಿಯೇ ಉಳಿದವು, ಮರದ ಮನೆಗಳು ಮರದ ಮನೆಗಳಾಗಿಯೇ.

ಪಕ್ಕದಲ್ಲೇ ಟೋಕಿಯೊ ಕಲಾ ವಿಶ್ವವಿದ್ಯಾಲಯ. ಹಾಗಾಗಿ ಶಿಲ್ಪಿಗಳು, ಚಿತ್ರಕಾರರು, ಬಡ ವಿದ್ಯಾರ್ಥಿಗಳು ಮೊದಲಿಂದಲೂ ಇಲ್ಲಿ ಬಾಡಿಗೆಗಿರುತ್ತಿದ್ದರು. ಶಿಲ್ಪಿ ಫುಮಿಯೊ ಅಸಾಕುರಾ ತಾವೇ ವಿನ್ಯಾಸ ಮಾಡಿ ಕಟ್ಟಿಸಿಕೊಂಡ ಮನೆ ಈಗ ವಸ್ತುಸಂಗ್ರಹಾಲಯ. 1864ರಲ್ಲಿ ಶುರುವಾದ 'ಇಸೆತತ್ಸು' ಅಂಗಡಿಯಲ್ಲಿ ಮರದ ಅಚ್ಚಿನಿಂದ ಬಣ್ಣ ಹಚ್ಚಿದ ಕಾಗದ ಇವತ್ತಿಗೂ ಸಿಗುತ್ತದೆ.

1984ರಲ್ಲಿ ಮಯುಮಿ ಮೋರಿ ಮತ್ತು ಅವರ ಗೆಳತಿಯರು ಈ ಕೇರಿಗೆಂದೇ ಪುಟ್ಟ ಪತ್ರಿಕೆ ಆರಂಭಿಸಿದರು. ಸಣ್ಣ ಮಕ್ಕಳನ್ನು ಸಾಕುತ್ತಿದ್ದ ತಾಯಂದಿರು ಮನೆಮನೆಗೆ ಹೋಗಿ ಹಿರಿಯರಿಂದ ಹಳೆಯ ಸುದ್ದಿ ಕೇಳಿ ಬರೆದುಕೊಂಡರು. ಯನಕ, ನೆಜು, ಸೆಂದಗಿ ಎಂಬ ಮೂರು ಕೇರಿಗಳ ಹೆಸರಿನ ಮೊದಲ ತುಣುಕುಗಳನ್ನು ಜೋಡಿಸಿದ 'ಯನೆಸೆನ್' ಎಂಬ ಮಾತು ಊರ ಬಾಯಿಗೆ ಬಂದದ್ದು ಆ ಪತ್ರಿಕೆಯಿಂದ. 2009ರವರೆಗೆ ಅದು ನಡೆಯಿತು. ತಮ್ಮ ಕೇರಿಗೆ ಬೆಲೆಯಿದೆ ಎಂದು ಜನಕ್ಕೆ ಮೊದಲು ಅರಿವಾದದ್ದು ಆ ಪುಟಗಳನ್ನು ಓದಿ. ಹೋಟೆಲು ಬಂದದ್ದು ಆಮೇಲೆ. ಈ ಕ್ರಮವನ್ನು ಮರೆಯಬಾರದು.

ಭಾರತದಿಂದ ಹೋದವರು ತಪ್ಪದೆ ನೋಡಬೇಕಾದ ಮರವೊಂದೂ ಇಲ್ಲಿದೆ. ಮೂರು ಓಣಿ ಸೇರುವ ಕಡೆ, ಹಳೆಯ ಬ್ರೆಡ್ಡಿನ ಅಂಗಡಿಯೊಂದರ ಮಗ್ಗುಲಲ್ಲಿ, ಮನೆಗಳ ಮೇಲೆ ಛತ್ರಿ ಹಿಡಿದಂತೆ ನಿಂತಿದೆ ನಮ್ಮ ಹಿಮಾಲಯದ ದೇವದಾರು. ಅಂಗಡಿಯವರ ಹಿರಿಯರು ಯುದ್ಧಕ್ಕೂ ಮುಂಚೆ ಕುಂಡದಲ್ಲಿ ಬೆಳೆಸಿದ್ದ ಸಸಿ ಅದು. ಬೇರು ಕುಂಡವನ್ನು ದಾಟಿ ನೆಲಕ್ಕಿಳಿಯಿತು. ಜಾಗ ಕೈಬದಲಾಗಿ ಮರಕ್ಕೆ ಕುತ್ತು ಬಂದಾಗ ಕೇರಿಯವರೇ ಅದನ್ನು ಉಳಿಸಿಕೊಳ್ಳಲು ಮುಂದೆ ಬಂದರು.

ಕಟ್ಟಡಕ್ಕೊಂದು ಅಂತ್ಯಕ್ರಿಯೆ

ಕಥೆಯ ನಡುಮನೆ 'ಹಗಿಸೋ'. 1955ರಲ್ಲಿ ಸೋರಿನ್‌ಜಿ ದೇವಾಲಯದ ಪಕ್ಕದ ಜಾಗದಲ್ಲಿ ಎದ್ದ ಎರಡು ಮಹಡಿಯ ಮರದ ಕಟ್ಟಡ. ಹಗಿ ಎಂದರೆ ಶರತ್ಕಾಲದಲ್ಲಿ ನೇರಳೆಗೆಂಪಾಗಿ ಅರಳುವ ಪುಟ್ಟ ಹೂ. ಆ ದೇವಾಲಯ ಹೆಸರಾದದ್ದು ಅದೇ ಹೂವಿಗೆ.

ಯುದ್ಧ ಮುಗಿದು ಹತ್ತು ವರ್ಷ. ದುಡಿಮೆಗೆಂದು ಜನ ಟೋಕಿಯೊಗೆ ನುಗ್ಗಿ ಬರುತ್ತಿದ್ದ ಕಾಲ. ಅವರಿಗಾಗಿ ಇಂಥ ಕಟ್ಟಡಗಳು ನೂರಾರು ಎದ್ದವು. ಸಾಲಾಗಿ ಪುಟ್ಟ ಕೋಣೆಗಳು, ನಡುವೆ ಓಡಾಡಲು ಕಿರಿದಾದ ದಾರಿ, ಎಲ್ಲರಿಗೂ ಸೇರಿ ಕಕ್ಕಸು. ಸ್ನಾನಕ್ಕೆ ಬೀದಿಯ ಬಚ್ಚಲು. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದವಿದೆ: ವಠಾರ. ಮಲ್ಲೇಶ್ವರದಲ್ಲೋ ಚಾಮರಾಜಪೇಟೆಯಲ್ಲೋ ವಠಾರದಲ್ಲಿ ಬಾಳಿದವರಿಗೆ ಹಗಿಸೋದ ನಕ್ಷೆ ನೋಡಿದ ಕೂಡಲೇ ಅರ್ಥವಾಗುತ್ತದೆ.

ಕಾಲ ಬದಲಾಯಿತು, ಬಚ್ಚಲಿಲ್ಲದ ಕೋಣೆ ಯಾರಿಗೂ ಬೇಡವಾಯಿತು. ಕಟ್ಟಡ ಖಾಲಿ ಬಿತ್ತು. 2004ರಲ್ಲಿ ಕಲಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೇಳಿಕೊಂಡು ಬಂದು ಬಾಡಿಗೆಗೆ ಹಿಡಿದರು. ಹರಕು ಗೋಡೆ, ಸೋರುವ ಮಾಡು. ಆದರೂ ಅಲ್ಲೇ ಇದ್ದರು, ಅಲ್ಲೇ ಕೆಲಸ ಮಾಡಿದರು. ಅವರಲ್ಲಿ ಮಿತ್ಸುಯೋಶಿ ಮಿಯಾಜಾಕಿ ಎಂಬ ವಾಸ್ತುಶಿಲ್ಪದ ವಿದ್ಯಾರ್ಥಿಯೂ ಇದ್ದರು. 1982ರಲ್ಲಿ ಹುಟ್ಟಿದವರು. ಓದು ಮುಗಿಸಿ ಹೆಸರಾಂತ ವಾಸ್ತುಶಿಲ್ಪಿ ಅರಾತ ಇಸೊಜಾಕಿ ಅವರ ಕಚೇರಿಗೆ ಕೆಲಸಕ್ಕೆ ಸೇರಿದರು.

2011ರ ಮಾರ್ಚ್ 11. ಈಶಾನ್ಯ ಜಪಾನಿನಲ್ಲಿ ಭೂಕಂಪ, ಸುನಾಮಿ. ಟೋಕಿಯೊ ಕೂಡ ತೂಗಿತು. ಹಳೆಯ ಮರದ ಕಟ್ಟಡಗಳ ಮಾಲೀಕರಿಗೆಲ್ಲ ಎದೆಯಲ್ಲಿ ನಡುಕ. ಹಗಿಸೋದ ಒಡೆತನವಿದ್ದ ದೇವಾಲಯದವರೂ ಕಟ್ಟಡ ಕೆಡವುವುದೆಂದು ತೀರ್ಮಾನಿಸಿದರು. ಆ ಜಾಗದಲ್ಲಿ ಕಾರು ನಿಲ್ಲಿಸಲು ಅವಕಾಶ ಮಾಡಿಕೊಡುವ ಯೋಚನೆ.

ಹುಡುಗರು ಜಗಳವಾಡಲಿಲ್ಲ, ಫಲಕ ಹಿಡಿದು ಕೂರಲೂ ಇಲ್ಲ. ಕಟ್ಟಡ ಹೋಗುವುದಾದರೆ ಗೌರವದಿಂದ ಹೋಗಲಿ, ಇಷ್ಟು ವರ್ಷ ನೆರಳು ಕೊಟ್ಟದ್ದಕ್ಕೆ ಅಂತ್ಯಕ್ರಿಯೆ ಮಾಡಿ ಕಳಿಸೋಣ ಎಂದರು. 2012ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ, ಮೂರು ವಾರ, ಇಡೀ ವಠಾರವೇ ಕಲಾಪ್ರದರ್ಶನವಾಯಿತು. ವೆನಿಸ್ಸಿನ 'ಬಿಯೆನಾಲೆ'ಯ ಹೆಸರಿಗೆ ಹಗಿಯನ್ನು ಸೇರಿಸಿ 'ಹಗಿಯೆನಾಲೆ' ಎಂದು ಕರೆದರು.

ಹೇಗೂ ಒಡೆಯುವ ಕಟ್ಟಡ. ಗೋಡೆಗೆ ತೂತು ಕೊರೆದರು, ನೆಲ ಕಿತ್ತರು, ಮೇಲ್ಮಹಡಿಯನ್ನು ಕೆಳಗಿನಿಂದ ಕಾಣುವಂತೆ ಮಾಡಿದರು. ಕೋಣೆಗಳೇ ಕೃತಿಗಳಾದವು. ಓಣಿಯೊಳಗಿನ ಈ ಕಟ್ಟಡವನ್ನು ಹುಡುಕಿಕೊಂಡು ಸುಮಾರು 1,500 ಜನ ಬಂದರು.

ಜಪಾನಿಯಲ್ಲಿ 'ಮೊತ್ತೈನೈ' ಎಂಬ ಮಾತಿದೆ. ಇನ್ನೂ ಜೀವವಿರುವ ವಸ್ತುವನ್ನು ಬಿಸಾಡುವಾಗ ಕರುಳು ಚುರ್ ಎನ್ನುತ್ತದಲ್ಲ, ಆ ಸಂಕಟ. ನಮ್ಮ ಅಜ್ಜಿಯರು 'ಅಯ್ಯೋ, ದಂಡವಾಯ್ತಲ್ಲ' ಎನ್ನುತ್ತಿದ್ದದ್ದು ಇದನ್ನೇ. ವರ್ಷಗಟ್ಟಲೆ ಯಾರೂ ತಿರುಗಿ ನೋಡದ ವಠಾರಕ್ಕೆ ಜನ ಸಾಲುಗಟ್ಟಿ ಬಂದದ್ದನ್ನು ಕಂಡು ದೇವಾಲಯದವರ ಮನಸ್ಸಿನಲ್ಲೂ ಮೊತ್ತೈನೈ ಹುಟ್ಟಿತು.

ಆ ಗಳಿಗೆಯನ್ನು ಮಿಯಾಜಾಕಿ ಕಳೆದುಕೊಳ್ಳಲಿಲ್ಲ. ಉಳಿಸಿ ಎಂದು ಬೇಡುವ ಬದಲು ಲೆಕ್ಕ ಹಾಕಿ ತೋರಿಸಿದರು. ಕೆಡವಿ ಕಾರು ನಿಲ್ಲಿಸಿದರೆ ಎಷ್ಟು ಬರುತ್ತದೆ, ಹೊಸದಾಗಿ ಕಟ್ಟಿದರೆ ಎಷ್ಟು ಹೋಗುತ್ತದೆ, ಇದನ್ನೇ ಭದ್ರಪಡಿಸಿದರೆ ಹೇಗೆ. ತಾವೇ ಬಾಡಿಗೆಗೆ ಹಿಡಿದು ನಡೆಸುವುದಾಗಿ ಹೇಳಿದರು. ಮಾಲೀಕರು ಒಪ್ಪಿದರು. ನನ್ನ ಕಣ್ಣಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ವಿನ್ಯಾಸ ಆ ಲೆಕ್ಕದ ಹಾಳೆಯೇ.

ಮತ್ತೊಂದು ಮಾರ್ಚ್. 2013ರಲ್ಲಿ ಹಗಿಸೋ ಬಾಗಿಲು ತೆರೆಯಿತು. ತನ್ನನ್ನು 'ಅತಿ ಚಿಕ್ಕ ಸಾಂಸ್ಕೃತಿಕ ಸಮುಚ್ಚಯ' ಎಂದು ಕರೆದುಕೊಂಡಿತು. ಕೆಳಗೆ ಕೆಫೆ ಮತ್ತು ಚಿತ್ರಶಾಲೆ. ನಡುವಿನ ಭಾಗದಲ್ಲಿ ಮೇಲ್ಮಹಡಿಯ ನೆಲ ತೆಗೆದಿದ್ದರಿಂದ ಎರಡು ಅಂತಸ್ತಿನ ಎತ್ತರ ಸಿಕ್ಕಿದೆ. ಭೂಕಂಪ ತಡೆಯಲು ಹೊಸ ಬಿಗಿತ ಕೊಟ್ಟರೂ ಹಳೆಯ ತೊಲೆಗಳನ್ನು ಮುಚ್ಚಿಲ್ಲ. ಕಾಫಿ ಕುಡಿಯುತ್ತ ತಲೆಯೆತ್ತಿದರೆ, ಒಂದು ಕಾಲಕ್ಕೆ ಯಾರದೋ ಕೋಣೆಯಾಗಿದ್ದ ಜಾಗ ಗಾಳಿಯಲ್ಲಿ ತೆರೆದುಕೊಂಡಿರುವುದು ಕಾಣುತ್ತದೆ.

ಬಾಕ್ಸ್: 'ಬುಟೀಕ್' ಅಂದರೆ?
ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ 1984ರಲ್ಲಿ 'ಮಾರ್ಗನ್ಸ್' ಹೋಟೆಲು ತೆರೆಯಿತು. ಮಾಲೀಕರು ಇಯಾನ್ ಶ್ರೇಗರ್ ಮತ್ತು ಸ್ಟೀವ್ ರುಬೆಲ್, ಒಳಾಂಗಣ ಫ್ರಾನ್ಸಿನ ವಿನ್ಯಾಸಗಾರ್ತಿ ಆಂದ್ರೆ ಪ್ಯುತ್‌ಮಾನ್ ಅವರದು. ದೊಡ್ಡ ಹೋಟೆಲುಗಳನ್ನು ಎಲ್ಲ ಸಿಗುವ ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ, ತಮ್ಮದನ್ನು ಆಯ್ದ ಸರಕಿನ ಪುಟ್ಟ ಬುಟೀಕಿಗೆ ರುಬೆಲ್ ಹೋಲಿಸಿದರು. ಹೆಸರು ಅಂಟಿಕೊಂಡಿತು. ಮಾರ್ಗನ್ಸ್ ಮನೆಮಾತಾದದ್ದು ಸ್ನಾನದ ಕೋಣೆಗಳ ಕಪ್ಪು-ಬಿಳುಪು ಚೌಕುಳಿ ಟೈಲಿನಿಂದ. 2017ರಲ್ಲಿ ಅದು ಮುಚ್ಚಿತು.

ಏನನ್ನು ಬಿಡಬೇಕೆಂಬ ವಿನ್ಯಾಸ

ಹಗಿಸೋ ನಡೆಯತೊಡಗಿದ ಮೇಲೆ ಮಿಯಾಜಾಕಿ ಮತ್ತು ಸಂಗಡಿಗರ ಕಣ್ಣು ಸಮೀಪದ ಇನ್ನೊಂದು ಖಾಲಿ ಮರದ ವಠಾರದ ಮೇಲೆ ಬಿತ್ತು. ಅದನ್ನು ತಂಗುಮನೆ ಮಾಡಿದರೆ?

ಸಾಮಾನ್ಯ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಕೋಣೆಗೊಂದು ಸ್ನಾನದ ಮನೆ, ಕೆಳಗೆ ರೆಸ್ಟೋರೆಂಟ್, ಒಂದು ಲಾಬಿ, ಒಂದು ಅಂಗಡಿ. ಇವೆಲ್ಲ ಆ ಪುಟ್ಟ ಕಟ್ಟಡದಲ್ಲಿ ಹಿಡಿಯುವುದಿಲ್ಲ. ಹಿಡಿಸಲು ಹೋದರೆ ಕಟ್ಟಡವೇ ಉಳಿಯುವುದಿಲ್ಲ.

ಅವರು ತಲೆಯೆತ್ತಿ ಸುತ್ತ ನೋಡಿದರು. ಬಚ್ಚಲು ಇದೆ, ನಡೆದರೆ ಕೆಲವೇ ನಿಮಿಷ. ಊಟದ ಮನೆಗಳು ಓಣಿಗೊಂದರಂತೆ ಇವೆ. ಅಂಗಡಿಗಳಿಗೆ 'ಯನಕ ಗಿಂಜಾ' ಬೀದಿ ಇದೆ. ಚಿತ್ರಕಲೆ, ಕರಕುಶಲ ಕಲಿಸುವವರು ಇದ್ದಾರೆ. ದೇವಾಲಯಗಳಿವೆ. ಲಾಬಿಗೆ ಹಗಿಸೋ ಇದೆ. ಇನ್ನು ಕಟ್ಟಬೇಕಾದದ್ದು ಏನು? ಮಲಗುವ ಜಾಗ ಮಾತ್ರ.

2015ರ ನವೆಂಬರ್‌ನಲ್ಲಿ 'ಹನರೆ' ಶುರುವಾದದ್ದು ಹೀಗೆ. ಬಂದ ಅತಿಥಿ ಮೊದಲು ಹಗಿಸೋದ ಮಹಡಿ ಹತ್ತಬೇಕು. ಅಲ್ಲಿ ಸ್ವಾಗತದ ಮೇಜು. ಕೈಗೆ ಬರುವುದು ಕೀಲಿ, ಬಚ್ಚಲಿನ ಚೀಟಿ ಮತ್ತು ಕೇರಿಯ ನಕ್ಷೆ. ನಿಮಗೆ ಏನಿಷ್ಟ ಎಂದು ಕೇಳಿ, ಊಟಕ್ಕೆ ಎಲ್ಲಿ ಹೋಗಬಹುದು, ಯಾವ ಬಚ್ಚಲಿಗೆ ಇವತ್ತು ರಜೆ, ಯಾವ ಓಣಿಯಲ್ಲಿ ನಡೆದರೆ ಚೆನ್ನ ಎಂದು ಹೇಳಿ ಕಳಿಸುತ್ತಾರೆ. ಸೈಕಲ್ ಬೇಕೆಂದರೆ ಬಾಡಿಗೆಗೆ ಕೊಡಿಸುತ್ತಾರೆ.

ಕೋಣೆಗಳಲ್ಲಿ ಹುಲ್ಲಿನ ತಾತಾಮಿ ಚಾಪೆ, ನೆಲದ ಮೇಲೆ ಹಾಸಿಗೆ, ಮೇಲೆ ಬಿಚ್ಚಿಟ್ಟ ತೊಲೆಗಳು. ಶವರ್, ಕಕ್ಕಸು ಎಲ್ಲರಿಗೂ ಸೇರಿದ್ದು. ಮೊಣಕಾಲು ನೋವಿರುವ ಹಿರಿಯರಿಗೆ ನೆಲದ ಹಾಸಿಗೆಯಿಂದ ಏಳುವುದು ಕಷ್ಟ. ಹಂಚಿಕೊಳ್ಳುವ ಶೌಚಾಲಯ ಬೇಡವೆನ್ನುವವರಿಗೂ ಇದು ತಕ್ಕ ಜಾಗವಲ್ಲ. ಹೋಗುವ ಮೊದಲು ಇದು ತಿಳಿದಿರಬೇಕು.

ಬೆಳಗಿನ ತಿಂಡಿ ಹಗಿಸೋದ ಕೆಫೆಯಲ್ಲಿ. ಅನ್ನ, ಮಿಸೊ ಸಾರು, ಜೊತೆಗೆ ಪುಟ್ಟಪುಟ್ಟ ಬಟ್ಟಲುಗಳಲ್ಲಿ ಪಲ್ಯ, ಉಪ್ಪಿನಕಾಯಿ, ಮೀನು. ಜಪಾನಿನ ಒಂದೊಂದು ಪ್ರಾಂತ್ಯವನ್ನು ಸರದಿಯ ಮೇಲೆ ಆರಿಸಿ, ಅಲ್ಲಿಯ ಪದಾರ್ಥಗಳಿಂದ ಅಡುಗೆ ಮಾಡುತ್ತಾರೆ. 'ಪಯಣಿಸುವ ತಿಂಡಿ' ಎಂದು ಅದಕ್ಕೆ ಹೆಸರು. ಅತಿಥಿಯ ಪಕ್ಕದ ಮೇಜಿನಲ್ಲಿ ಕೇರಿಯವರೂ ಅದನ್ನೇ ತಿನ್ನುತ್ತಿರುತ್ತಾರೆ.

ವಿನ್ಯಾಸದ ಹೋಟೆಲು ಎಂದರೆ ದುಬಾರಿ ಕುರ್ಚಿ, ವಿಚಿತ್ರ ದೀಪ ಎಂಬ ಅಭಿಪ್ರಾಯ ನಮ್ಮಲ್ಲಿ ಬೇರೂರಿದೆ. ಹನರೆಯಲ್ಲಿ ವಿನ್ಯಾಸಗಾರರ ಬುದ್ಧಿ ಖರ್ಚಾದದ್ದು ಬೇರೆ ಕಡೆ. ಯಾವುದನ್ನು ತಾವು ಕಟ್ಟಬಾರದು, ಯಾವುದನ್ನು ನೆರೆಯವರಿಗೆ ಬಿಡಬೇಕು ಎಂದು ಅವರು ಕೂತು ಯೋಚಿಸಿದ್ದಾರೆ. ರೆಸ್ಟೋರೆಂಟ್ ಇಟ್ಟುಕೊಂಡಿದ್ದರೆ ರಾತ್ರಿಯೂಟದ ದುಡ್ಡು ಹೋಟೆಲಿಗೇ ಬರುತ್ತಿತ್ತು. ಈಗ ಅದು ಸೋಬಾ ಅಂಗಡಿಗೆ, ಮೀನು ಸುಡುವವರಿಗೆ, ಬಚ್ಚಲಿನ ಗಲ್ಲಾಕ್ಕೆ ಹೋಗುತ್ತದೆ.

ಅದರಲ್ಲೂ ಬಚ್ಚಲಿಗೆ. 1968ರಲ್ಲಿ ಟೋಕಿಯೊದಲ್ಲಿ 2,600ಕ್ಕೂ ಹೆಚ್ಚು ಸೆಂತೋಗಳಿದ್ದವು. ಸೆಂತೋ ಎಂದರೆ ಇಂಥ ಬೀದಿಬಚ್ಚಲು. ಈಗ 500ಕ್ಕಿಂತ ಕಡಿಮೆ. ಮನೆಮನೆಗೆ ಸ್ನಾನದ ತೊಟ್ಟಿ ಬಂದ ಮೇಲೆ ಗಿರಾಕಿ ಕರಗಿದರು. ನೀರು ಕಾಯಿಸುವ ಖರ್ಚು ಏರಿತು. ದರ ಏರಿಸೋಣವೆಂದರೆ ಗರಿಷ್ಠ ದರ ಗೊತ್ತುಮಾಡುವುದು ಸರ್ಕಾರ. ಇಂಥ ಹೊತ್ತಿನಲ್ಲಿ ದಿನಕ್ಕೆ ನಾಲ್ಕು ಚೀಟಿ ಹೆಚ್ಚಿಗೆ ಬಂದರೂ ಅದು ಲೆಕ್ಕಕ್ಕೆ ಬರುತ್ತದೆ.

ಬಾಕ್ಸ್: ಬಚ್ಚಲಗೋಡೆಯ ಬೆಟ್ಟ
ಟೋಕಿಯೊದ ಸೆಂತೋ ಗೋಡೆಗಳ ಮೇಲೆ ಫ್ಯೂಜಿ ಬೆಟ್ಟದ ದೊಡ್ಡ ಚಿತ್ರ ಸಾಮಾನ್ಯ. ಇದು ಶುರುವಾದದ್ದು 1912ರಲ್ಲಿ, ಕಾಂದಾ ಭಾಗದ 'ಕಿಕಾಯ್‌ಯು' ಎಂಬ ಬಚ್ಚಲಿನಲ್ಲಿ. ಮಕ್ಕಳು ಖುಷಿಯಿಂದ ಸ್ನಾನಕ್ಕೆ ಬರಲಿ ಎಂದು ಮಾಲೀಕರು ಬರೆಸಿದರಂತೆ. ಬರೆದ ಕಲಾವಿದ ಕೋಶಿರೋ ಕವಗೋಯೆ ಫ್ಯೂಜಿ ಕಾಣುವ ಶಿಜುಒಕ ಪ್ರಾಂತ್ಯದವರು. ಈ ಕಸುಬನ್ನೇ ನಂಬಿದ ಚಿತ್ರಕಾರರು ಈಗ ಬೆರಳೆಣಿಕೆಯಷ್ಟು.

ಒಂದು ಮನೆಯಿಂದ ಇನ್ನೊಂದಕ್ಕೆ

ಹಳೆಯದನ್ನು ಹೊಸದಕ್ಕೆ ಬಳಸುವುದು ಯನಕದಲ್ಲಿ ಹಗಿಸೋಗಿಂತ ಮೊದಲೇ ಇತ್ತು. 1787ರಲ್ಲಿ ಶುರುವಾದ 'ಕಶಿವಾಯು' ಎಂಬ ಸೆಂತೋ ಮುಚ್ಚಿದಾಗ, 1993ರಲ್ಲಿ ಅದು ಸಮಕಾಲೀನ ಕಲೆಯ ಗ್ಯಾಲರಿಯಾಯಿತು. ಹೆಸರು 'ಸ್ಕಾಯ್ ದ ಬಾತ್‌ಹೌಸ್'. ಹೊಗೆಗೂಡು ಹಾಗೇ ನಿಂತಿದೆ, ಚಪ್ಪಲಿಯ ಗೂಡುಗಳೂ ಇವೆ. ಸ್ನಾನದ ಉಗಿ ತುಂಬುತ್ತಿದ್ದ ಎತ್ತರದ ಕೋಣೆಯಲ್ಲಿ ಈಗ ಕಲಾಕೃತಿಗಳು.

ಅಲ್ಲೇ ಹತ್ತಿರದ ಮೂಲೆಯಲ್ಲಿ 'ಕಯಾಬಾ ಕಾಫಿ'. ಕಟ್ಟಡ 1916ರದು, ಕಾಫಿ ಅಂಗಡಿ 1938ರದು. 2006ರಲ್ಲಿ ಮುಚ್ಚಿತು. ಕೇರಿಯವರ ಸಂಸ್ಥೆ ಮತ್ತು ಆ ಗ್ಯಾಲರಿ ಕೈಜೋಡಿಸಿ 2009ರಲ್ಲಿ ಮತ್ತೆ ತೆರೆದರು. ಒಳಾಂಗಣ ಮಾಡಿದ್ದು ವಾಸ್ತುಶಿಲ್ಪಿ ಯೂಕೊ ನಾಗಯಾಮಾ. ಹಳೆಯ ಮೊಟ್ಟೆ ಸ್ಯಾಂಡ್‌ವಿಚ್ಚಿನ ರುಚಿಯನ್ನೂ ಉಳಿಸಿಕೊಂಡರು. 1938ರ ಮೂರು ಮನೆಗಳ ಗುಂಪೊಂದು 2015ರಲ್ಲಿ ಬ್ರೆಡ್, ಬಿಯರ್, ಉಪ್ಪು ಮತ್ತು ಎಣ್ಣೆ ಮಾರುವ ತಾಣವಾಯಿತು.

ಮಿಯಾಜಾಕಿ ತಂಡವೂ ಅಲ್ಲಿಗೆ ನಿಲ್ಲಲಿಲ್ಲ. 2017ರಲ್ಲಿ ಸೆಂದಗಿಯ ಓಣಿಯೊಳಗೆ 'ತಯೋರಿ' ಎಂಬ ಊಟದ ಮನೆ ತೆರೆದರು. ತಯೋರಿ ಎಂದರೆ ಪತ್ರ, ಸುದ್ದಿ. ಊಟ ಮಾಡಿದವರು ಆ ತರಕಾರಿ ಬೆಳೆದ ರೈತರಿಗೆ ಅಲ್ಲಿಂದಲೇ ಕಾಗದ ಬರೆಯಬಹುದು. ಅದೇ ವರ್ಷ ಇಂಥ ತಂಗುಮನೆಗಳವರು ಸೇರಿ 'ಮಾಚಿಯಾದೊ' ಸಂಘ ಕಟ್ಟಿದರು. ಮಾಚಿ ಎಂದರೆ ಊರು, ಯಾದೊ ಎಂದರೆ ತಂಗುಮನೆ. 2018ರಲ್ಲಿ ಹನರೆಗೆ ಜಪಾನಿನ ಗುಡ್ ಡಿಸೈನ್ ಪ್ರಶಸ್ತಿ ಬಂತು.

ಇಟಲಿಯಲ್ಲಿ ಇದಕ್ಕೊಬ್ಬ ಅಣ್ಣನಿದ್ದಾನೆ. 1976ರಲ್ಲಿ ಫ್ರಿಯೂಲಿ ಪ್ರಾಂತ್ಯದಲ್ಲಿ ಭೂಕಂಪವಾಗಿ ಹಳ್ಳಿಗಳು ಬರಿದಾದವು. ದುರಸ್ತಿಯಾದರೂ ಜನ ಹಿಂದಿರುಗದ ಮನೆಗಳನ್ನು ಏನು ಮಾಡುವುದೆಂಬ ಚರ್ಚೆಯಿಂದ 'ಆಲ್ಬೆರ್ಗೊ ದಿಫ್ಫೂಸೊ' ಹುಟ್ಟಿತು. ಊರಲ್ಲೆಲ್ಲ ಹರಡಿಕೊಂಡ ಹೋಟೆಲು ಎಂದರ್ಥ. ಆ ವಿಚಾರವನ್ನು ಬೆಳೆಸಿದವರು ಜಾಂಕಾರ್ಲೊ ದಾಲ್'ಆರಾ. ಅಲ್ಲೂ ಭೂಕಂಪ, ಇಲ್ಲೂ ಭೂಕಂಪ. ಕಟ್ಟಡಗಳು ಅಲುಗಿದ ಮೇಲೆಯೇ ಜನ ಅವುಗಳ ಬೆಲೆ ಕಟ್ಟಲು ಕೂತರು.

ಐದು ಕೋಣೆಯ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಯನಕದಲ್ಲಿ ಹಳೆಯ ಮನೆಗಳು ಈಗಲೂ ಬೀಳುತ್ತಿವೆ.

ಕಾರಣಗಳು ಗಟ್ಟಿಯಾಗಿವೆ. ಮನೆಯ ಹಿರಿಯರು ತೀರಿಕೊಂಡರೆ ಮಕ್ಕಳ ತಲೆಮೇಲೆ ಉತ್ತರಾಧಿಕಾರ ತೆರಿಗೆ ಬೀಳುತ್ತದೆ. ಜಪಾನಿನಲ್ಲಿ ಅದರ ಮೇಲಿನ ಹಂತ ಶೇ 55. ಟೋಕಿಯೊದ ನೆಲಕ್ಕೆ ಚಿನ್ನದ ಬೆಲೆ. ತೆರಿಗೆ ಕಟ್ಟಲು ಮಾರದೆ ಬೇರೆ ದಾರಿಯಿರುವುದಿಲ್ಲ. ಕೊಂಡವರು ಮನೆ ಒಡೆದು, ಜಾಗ ಸೀಳಿ, ಎರಡು ಮೂರು ಕಿರಿದಾದ ಮನೆ ಕಟ್ಟುತ್ತಾರೆ.

ಇನ್ನೊಂದು, ರಸ್ತೆಯ ಕಾನೂನು. 1950ರ ಕಟ್ಟಡ ಕಾಯ್ದೆ ಮನೆಯ ಮುಂದೆ ಸಾಮಾನ್ಯವಾಗಿ ನಾಲ್ಕು ಮೀಟರ್ ರಸ್ತೆ ಇರಬೇಕೆನ್ನುತ್ತದೆ. ಹಳೆಯ ಓಣಿಗಳು ಅದಕ್ಕಿಂತ ಕಿರಿದು. ಒಮ್ಮೆ ಕೆಡವಿ ಹೊಸದಾಗಿ ಕಟ್ಟಿದರೆ ಹಿಂದಕ್ಕೆ ಸರಿದು ಕಟ್ಟಬೇಕು. ಬೆಂಕಿ ಬಿದ್ದರೆ ವಾಹನ ಒಳಗೆ ಬರಬೇಕಲ್ಲ, ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಮನೆಯೊಂದು ಬಿದ್ದಾಗಲೆಲ್ಲ ಓಣಿ ಅಷ್ಟಷ್ಟಾಗಿ ರಸ್ತೆಯಾಗುತ್ತದೆ.

ಅತ್ತ ದೇಶದಲ್ಲಿ ಬೀಗ ಬಿದ್ದ ಮನೆಗಳೂ ಹೆಚ್ಚುತ್ತಿವೆ. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ. ನೂರಕ್ಕೆ ಹದಿನಾಲ್ಕರ ಹತ್ತಿರ.

ಇದರ ನಡುವೆ ಐದು ಕೋಣೆ ಏನು ಮಾಡೀತು? ಕೇರಿಯನ್ನು ಉಳಿಸಲಾರದು. ಪ್ರವಾಸಿಗಳು ಹೆಚ್ಚಾದರೆ ಬಾಡಿಗೆ ಏರಿ ಹಳಬರೇ ಹೋಗಬೇಕಾದ ಅಪಾಯವೂ ಇದೆ. ಯನಕ ಗಿಂಜಾ ಸುಮಾರು 170 ಮೀಟರ್ ಉದ್ದದ ಪುಟ್ಟ ಬೀದಿ. ರಜೆಯ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತರಕಾರಿ ಮಾರುತ್ತಿದ್ದ ಅಂಗಡಿ ತಿಂಡಿ ಮಾರಲು ಹೊರಟರೆ ಕೇರಿಯವರು ತರಕಾರಿಗೆ ಎಲ್ಲಿಗೆ ಹೋಗಬೇಕು?

ಆದರೂ ನಾನು ಹನರೆಯ ಪರ. ಅದು ಬೆಳೆಯಲು ಅವಸರ ಮಾಡಲಿಲ್ಲ, ಆ ಕಾರಣಕ್ಕೆ. ಐದು ಕೋಣೆಯ ಜನವನ್ನು ಒಂದು ಬಚ್ಚಲು, ಹತ್ತು ಊಟದ ಮನೆ ಸುಲಭವಾಗಿ ಹೊರುತ್ತವೆ. ಐವತ್ತು ಕೋಣೆಯಾದರೆ ಅಜ್ಜ-ಮೊಮ್ಮಗನಿಗೆ ತೊಟ್ಟಿಯಲ್ಲಿ ಜಾಗವಿರುವುದಿಲ್ಲ.

ಬಾಕ್ಸ್: ಹೋಗುವುದಾದರೆ
ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನವಿದೆ. ನರಿಟಾದಿಂದ ಸ್ಕೈಲೈನರ್ ರೈಲು ಹಿಡಿದರೆ ಸುಮಾರು 40 ನಿಮಿಷದಲ್ಲಿ ನಿಪ್ಪೊರಿ ನಿಲ್ದಾಣ. ಅಲ್ಲಿಂದ ಯನಕಕ್ಕೆ ನಡಿಗೆ. ಚೆರ್ರಿ ಹೂ ಸಾಮಾನ್ಯವಾಗಿ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಯನಕದ ಸ್ಮಶಾನದ ನಡುದಾರಿ ಆಗ ಹೂವಿನ ಚಪ್ಪರ. ಕೊನೆಯ ಶೋಗುನ್ ಯೋಶಿನೊಬು ತೊಕುಗಾವಾ ಸಮಾಧಿ ಇರುವುದೂ ಅಲ್ಲೇ. ಸಸ್ಯಾಹಾರಿಗಳು ಗಮನಿಸಿ: ಜಪಾನಿನ ಸಾರುಗಳಿಗೆ ಮೀನಿನ ತಿಳಿ ಬಳಸುವುದು ರೂಢಿ, ಮೊದಲೇ ಕೇಳಿ. ಸೆಂತೋದಲ್ಲಿ ಬಟ್ಟೆ ಪೂರ್ತಿ ಕಳಚಬೇಕು, ಕ್ಯಾಮೆರಾ ತೆಗೆಯಲೇಬಾರದು, ಪುಟ್ಟ ಟವೆಲನ್ನು ತೊಟ್ಟಿಯ ನೀರಿಗೆ ಅದ್ದಬಾರದು.

ಮೂರು ವಾರ ಬಾಗಿಲು ತೆರೆಯಿರಿ

ಹಗಿಸೋದಲ್ಲಿ ಹಗಿಯೆನಾಲೆ ನಡೆದದ್ದು 2012ರಲ್ಲಿ. ಅದೇ ವರ್ಷ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. ಆಮೇಲೆ ವರ್ಷಾನುಗಟ್ಟಲೆ ನಮ್ಮಲ್ಲಿ ನಡೆದದ್ದು ಕೆಡವಬೇಕೋ ಉಳಿಸಬೇಕೋ ಎಂಬ ವಾದ. ಎರಡೂ ಕಡೆ ಕಾಳಜಿ ಇತ್ತು. ಆದರೆ ಉಳಿಸಿದರೆ ಅದರಲ್ಲಿ ನಾಳೆ ಬೆಳಗ್ಗೆ ಯಾರು ಬಾಗಿಲು ತೆಗೆಯುತ್ತಾರೆ, ಬಾಡಿಗೆ ಎಷ್ಟು, ದುರಸ್ತಿಗೆ ಎಷ್ಟು ಎಂಬ ಹಾಳೆ ಆ ವಾದದಲ್ಲಿ ನನ್ನ ಕಿವಿಗೆ ಹೆಚ್ಚು ಬೀಳಲಿಲ್ಲ.

ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ, ಧಾರವಾಡದ ಮಾಳಮಡ್ಡಿಯಲ್ಲಿ, ಮೈಸೂರಿನ ಅಗ್ರಹಾರದ ಬೀದಿಗಳಲ್ಲಿ ಜಗುಲಿಯಿರುವ ಮನೆಗಳು ಇನ್ನೂ ಇವೆ. ಅವುಗಳಲ್ಲಿ ಎಷ್ಟೋ ಮನೆಗಳ ಮಾಲೀಕರಿಗೆ ವಯಸ್ಸಾಗಿದೆ, ಮಕ್ಕಳು ದೂರವಿದ್ದಾರೆ, ಬಿಲ್ಡರ್ ಬಂದು ಹೋಗಿದ್ದಾರೆ. ಮಾರಬೇಡಿ ಎಂದು ಅವರಿಗೆ ಹೇಳುವ ಹಕ್ಕು ನನಗಿಲ್ಲ. ಮನೆ ಅವರದು, ಕಷ್ಟವೂ ಅವರದು.

ಒಂದೇ ಕೋರಿಕೆ. ಜೆಸಿಬಿ ಬರುವ ಮುಂಚೆ ಮೂರು ವಾರ ಬಾಗಿಲು ತೆರೆದಿಡಿ. ಹತ್ತಿರದ ಚಿತ್ರಕಲಾ ಶಾಲೆಯ ಹುಡುಗರನ್ನು ಕರೆಯಿರಿ, ಬೀದಿಯವರನ್ನು ಕರೆಯಿರಿ, ಆ ಮನೆಯಲ್ಲಿ ಹಿಂದೆ ಬಾಡಿಗೆಗಿದ್ದವರನ್ನು ಹುಡುಕಿ ಕರೆಯಿರಿ. ಎಷ್ಟು ಜನ ಬಂದರೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಆಮೇಲೆ ನಿರ್ಧಾರ ಮಾಡಿ.